ಅಪ್ಪನ ದುಡ್ಡಾ, ಸ್ವಂತದ್ದಾ? ದುಬಾರಿ ಕಾರು ಕಂಡಾಗ ನಾವು ಕೇಳೋ ಪ್ರಶ್ನೆ

ಲ್ಯಾಂಬೊರ್ಗಿನಿ ಒಂದು ಸಿಗ್ನಲ್‌ಗೆ ಬಂದು ನಿಂತ್ರೆ ಏನಾಗುತ್ತೆ ಅಂತ ನೀವೆಲ್ಲ ನೋಡಿರ್ತೀರಿ, ಬೆಂಗಳೂರಲ್ಲಂತೂ ಲ್ಯಾವೆಲ್ಲೆ ರೋಡು, ಯುಬಿ ಸಿಟಿ ಕಡೆ ಸಂಜೆ ಹೊತ್ತು ಓಡಾಡೋರಿಗೆ ಇದು ಹೊಸದೇನಲ್ಲ. ಮೊದಲು ಮೊಬೈಲ್‌ಗಳು ಆಚೆ ಬರ್ತವೆ. ಸ್ಕೂಟರ್ ಹಿಂದೆ ಕೂತಿರೋ ಹುಡುಗ "ಅಣ್ಣಾ, ಒಂದೇ ಒಂದ್ಸಲ ರೈಸ್ ಮಾಡಣ್ಣಾ" ಅಂತ ಕೂಗ್ತಾನೆ, ಒಳಗಿರೋನು ಮೂಡ್‌ನಲ್ಲಿದ್ರೆ ಒಂದ್ಸಲ ಗುರ್ ಅನ್ಸ್ತಾನೆ, ಅಕ್ಕಪಕ್ಕದೋರಿಗೆಲ್ಲ ಖುಷಿ. ಗ್ರೀನ್ ಬೀಳುತ್ತೆ, ಗಾಡಿ ಹೋಗುತ್ತೆ. ಅದು ಹೋಗಿ ಎರಡು ಸೆಕೆಂಡ್ ಆಗಿರಲ್ಲ, ಅದೇ ಜನರ ಬಾಯಲ್ಲೇ "ಅಪ್ಪನ ದುಡ್ಡು ಗುರೂ, ಏನ್ ಬೇಕಾದ್ರೂ ಮಾಡ್ತಾನೆ" ಅಂತ ಬರುತ್ತೆ.

ಇವತ್ತು ನಾನು ಮಾತಾಡೋದು ಆ ಎರಡು ಸೆಕೆಂಡ್ ಬಗ್ಗೆ. ಕಾರಿನ ಬಗ್ಗೆ ಕೇಳಕ್ಕೆ ಬಂದಿದ್ರೆ, ಎಷ್ಟು ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತೆಲ್ಲ ನಿರೀಕ್ಷೆ ಇಟ್ಕೊಂಡಿದ್ರೆ, ನಿರಾಸೆ ಆಗುತ್ತೆ. ನಾನು ಇನ್ಶೂರೆನ್ಸ್ ಸರ್ವೇಯರ್. ಆಕ್ಸಿಡೆಂಟ್ ಆದ ಗಾಡಿ ನೋಡಿ ಎಷ್ಟು ಲಾಸು, ಯಾವ ಪಾರ್ಟ್ ಬದಲಾಯಿಸ್ಬೇಕು, ಯಾವುದು ರಿಪೇರಿಗೆ ಸಾಕು ಅಂತ ಬರೆದುಕೊಡೋದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಕಾರಿಗಿಂತ ಜಾಸ್ತಿ ಕಾರಿನ ಸುತ್ತ ನಿಂತಿರೋ ಜನರ ಮುಖ ನೋಡ್ಬೇಕಾಗುತ್ತೆ.

ಗೀರಿನ ವಿಷಯದಿಂದ ಶುರು ಮಾಡ್ತೀನಿ. ಕಂಬಕ್ಕೋ ಗೋಡೆಗೋ ಉಜ್ಜಿದ ಗೀರು ಅಗಲವಾಗಿರುತ್ತೆ, ನೆಲದಿಂದ ಒಂದೇ ಎತ್ತರದಲ್ಲಿ ನೆಟ್ಟಗೆ ಹೋಗಿರುತ್ತೆ, ಬೆರಳಲ್ಲಿ ಒರೆಸಿದ್ರೆ ಗೋಡೆಯ ಸುಣ್ಣಾನೋ ಬಣ್ಣಾನೋ ಸಿಗುತ್ತೆ. ಯಾರೋ ಬೇಕಂತ್ಲೇ ಕೀಲಿಯಲ್ಲಿ ಗೀಚಿದ್ದು ಹಾಗಿರಲ್ಲ. ಸಣ್ಣಗೆ, ಆಳವಾಗಿ, ಮುಂದಿನ ಬಾಗಿಲಲ್ಲಿ ಶುರುವಾಗಿ ಹಿಂದಿನ ಚಕ್ರದ ಮೇಲೆ ಹತ್ತಿ ಇಳಿದಿರುತ್ತೆ, ಯಾಕಂದ್ರೆ ನಡ್ಕೊಂಡು ಹೋಗೋ ಮನುಷ್ಯನ ಕೈ ಮೇಲೆ ಕೆಳಗೆ ಆಡ್ತಾ ಇರುತ್ತಲ್ಲ, ಆ ಓಲಾಟ ಪೂರ್ತಿ ಪೇಂಟ್ ಮೇಲೆ ಬಂದಿರುತ್ತೆ. ಕೊನೇಲಿ ಒತ್ತಿ ಎಳೆದಿರ್ತಾರೆ. ಇಂಥ ಗೀರು ಸ್ವಿಫ್ಟ್ ಮೇಲೂ ಬರುತ್ತೆ, ಐ20 ಮೇಲೂ ಬರುತ್ತೆ, ಆದ್ರೆ ಅಲ್ಲಿ ಓನರ್‌ನ ಕೇಳಿದ್ರೆ ಒಂದೇ ನಿಮಿಷಕ್ಕೆ ಹೇಳ್ತಾನೆ, ಸರ್ ಇದು ಮೂರನೇ ಫ್ಲೋರ್‌ನೋನೇ ಮಾಡಿರೋದು, ಪಾರ್ಕಿಂಗ್ ಜಗಳ ಅಂತ. ಪೋರ್ಷೆ ಓನರ್‌ನ ಕೇಳಿದ್ರೆ ಅವನ ಹತ್ರ ಹೆಸರಿಲ್ಲ. ಗೀಚಿದೋನಿಗೂ ಇವನಿಗೂ ಜಗಳ ಇಲ್ಲ, ಪರಿಚಯಾನೂ ಇಲ್ಲ. ಯಾವ ಜಗಳ ತೀರಿಸಿಕೊಂಡ ಹಾಗಾಯ್ತು ಅದು?

1968ರಲ್ಲಿ ಅಮೆರಿಕದಲ್ಲಿ ಡೂಬ್ ಮತ್ತು ಗ್ರಾಸ್ ಅನ್ನೋ ಇಬ್ಬರು ಸಂಶೋಧಕರು ಒಂದು ಪ್ರಯೋಗದ ವರದಿ ಪ್ರಕಟಿಸಿದ್ರು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ, ಮೆನ್ಲೊ ಪಾರ್ಕ್ ಕಡೆ ಸಿಗ್ನಲ್ ಗ್ರೀನ್ ಆದ್ಮೇಲೂ ಗಾಡಿ ಎತ್ತದೆ ಸುಮ್ನೆ ನಿಂತುಬಿಡೋದು, ಹಿಂದಿನೋರು ಎಷ್ಟು ಹೊತ್ತಿಗೆ ಹಾರ್ನ್ ಹೊಡೀತಾರೆ ನೋಡೋದು, ಇಷ್ಟೇ. ಕೆಲವು ಸಲ ಹಳೇ ಲಟಾರಿ ಗಾಡಿ, ಕೆಲವು ಸಲ ಹೊಸಾ ಕಪ್ಪು ಕ್ರೈಸ್ಲರ್, ಅಲ್ಲಿನ ದುಬಾರಿ ಕಾರು. ಲಟಾರಿ ಗಾಡಿಗೆ ನೂರಕ್ಕೆ 84 ಜನ ಹಾರ್ನ್ ಹೊಡೆದ್ರು, ಕ್ರೈಸ್ಲರ್‌ಗೆ ಅರ್ಧ ಜನ ಮಾತ್ರ. ಇದಕ್ಕಿಂತ ಮಜಾ ಇನ್ನೊಂದಿದೆ. ಕಾಲೇಜು ಹುಡುಗರ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ನೀವಾಗಿದ್ರೆ ಏನ್ ಮಾಡ್ತಿದ್ರಿ ಅಂತ ಕೇಳಿದ್ರೆ, ಗಂಡುಮಕ್ಕಳು ದೊಡ್ಡ ಕಾರಿಗೇ ಬೇಗ ಹಾರ್ನ್ ಹೊಡೀತಿದ್ವಿ ಅಂತ ಬರೆದ್ರು! ಪೇಪರ್ ಮೇಲೆ ಎಲ್ಲರೂ ಹುಲಿಗಳೇ, ಸ್ಟೇರಿಂಗ್ ಹಿಂದೆ ಕೂತಾಗ ಕೈ ಮೆತ್ತಗಾಗುತ್ತೆ.

ನಮ್ಮೂರಲ್ಲಿ ಆ ಪ್ರಯೋಗ ಮಾಡಕ್ಕಾಗಲ್ಲ ಬಿಡಿ, ಗ್ರೀನ್ ಬೀಳೋಕೆ ಮೂರು ಸೆಕೆಂಡ್ ಮುಂಚೇನೇ ಎಲ್ಲರೂ ಹಾರ್ನ್ ಒತ್ತಿರ್ತಾರೆ. ಆದ್ರೆ ಒಂದು ಗಮನಿಸಿ ನೋಡಿ, ಒಂದು ಫೆರಾರಿ ನಿಂತ್ರೆ ಸುತ್ತ ಎರಡಡಿ ಜಾಗ ತಾನಾಗೇ ಬಿಡುತ್ತೆ, ಸಂದೀಲಿ ನುಗ್ಗೋ ಆಟೋದವರು ಕೂಡ ಸ್ವಲ್ಪ ಸೈಡಿಗೆ ಹೋಗ್ತಾರೆ. ಗೌರವ ಅಂದ್ಕೊಂಡ್ರಾ? ತಗಲಿಸಿದ್ರೆ ಮನೆ ಮಾರ್ಬೇಕಾಗುತ್ತೆ ಅನ್ನೋ ಭಯ. ನನ್ನ ಕಸುಬಿನ ಮಾತು ಇಲ್ಲೊಂದು ಹೇಳ್ಬೇಕು, ಯಾಕಂದ್ರೆ ಇದು ಜನಕ್ಕೆ ಗೊತ್ತಿರಲ್ಲ. ನಿಮ್ಮ ಕಾರಿನ ಥರ್ಡ್ ಪಾರ್ಟಿ ಪಾಲಿಸೀಲಿ ಬೇರೆಯವರ ಗಾಡಿಗೋ ಆಸ್ತಿಗೋ ಆದ ಡ್ಯಾಮೇಜ್‌ಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಕವರ್ ಇರುತ್ತೆ, ಬೈಕ್ ಸ್ಕೂಟರ್‌ಗೆ 1 ಲಕ್ಷ. ಪ್ರಾಣಹಾನಿಗೆ ಇಂಥ ಮಿತಿ ಇಲ್ಲ, ವಸ್ತುಗಳಿಗೆ ಮಾತ್ರ. ಮಾಮೂಲಿ ಗಾಡಿಗಳ ಲೋಕದಲ್ಲಿ 7.5 ಲಕ್ಷ ದೊಡ್ಡ ಮೊತ್ತ, ಸೂಪರ್‌ಕಾರಿನ ಲೋಕದಲ್ಲಿ ಒಂದು ಹೆಡ್‌ಲೈಟು, ಒಂದು ಬಂಪರ್ರು, ಕಾರ್ಬನ್ ಫೈಬರ್ ತುಂಡು ಒಂದೆರಡು ಸೇರಿದ್ರೆ ಅದು ಎಲ್ಲಿ ಕರಗುತ್ತೋ ಗೊತ್ತಾಗಲ್ಲ. ನಿಜ ಹೇಳ್ಬೇಕಂದ್ರೆ ಬಹುಪಾಲು ಕೇಸಲ್ಲಿ ಆ ಓನರ್ ತನ್ನ ಇನ್ಶೂರೆನ್ಸಲ್ಲೇ ಕ್ಲೇಮ್ ಮಾಡ್ಕೊಂಡು ಹೋಗ್ತಾನೆ, ಸ್ಕೂಟರ್‌ನೋನ ಹಿಂದೆ ಬಿದ್ದು ಅವನಿಗೆ ಸಿಗೋದೂ ಏನಿಲ್ಲ. ಆದ್ರೂ ಆ ಭಯ ನಿಜ. ಭಯ ಇರೋ ಕಡೆ ಪ್ರೀತಿ ಹುಟ್ಟಲ್ಲ, ಸಿಟ್ಟೇ ಹುಟ್ಟೋದು. ನನ್ನ ತಪ್ಪಿಲ್ಲದೆ, ನಾನು ಓಡಾಡೋ ರೋಡಲ್ಲೇ, ನಾನೇ ಮೈ ಹಿಡಿ ಮಾಡ್ಕೊಂಡು ಹೋಗ್ಬೇಕಾ ಅನ್ನೋ ಸಿಟ್ಟು.

ಹಾಗಂತ ಎಲ್ಲ ದುಬಾರಿ ಕಾರಿನೋರ ಮೇಲೂ ನಮಗೆ ಸಿಟ್ಟಿದೆಯಾ, ಇಲ್ಲ. 2019ರಲ್ಲಿ ಪುನೀತ್ ರಾಜ್‌ಕುಮಾರ್ ಪತ್ನಿಗೆ ಲ್ಯಾಂಬೊರ್ಗಿನಿ ಉರುಸ್ ಉಡುಗೊರೆ ಕೊಟ್ರು, ಯಾರಾದ್ರೂ ಗೊಣಗಿದ್ದು ಕೇಳಿದ್ರಾ? ಊರಿಗೆ ಊರೇ ನಮ್ಮ ಅಪ್ಪು ಅಂತ ಖುಷಿಪಡ್ತು. ಇಲ್ಲೇ ಬೆಂಗಳೂರಿನ ರಮೇಶ್ ಬಾಬು ಅವರನ್ನ ತಗೊಳ್ಳಿ, ಸಲೂನ್ ನಡೆಸ್ತಾ ನಡೆಸ್ತಾನೇ ಒಂದು ಮಾರುತಿ ಓಮ್ನಿ ಬಾಡಿಗೆಗೆ ಬಿಟ್ಟು ಶುರು ಮಾಡಿ, 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ತಂದ್ರು, ತಂದ ಮೇಲೂ ಕತ್ತರಿ ಬಿಡ್ಲಿಲ್ಲ. ಅದು ಸ್ಪೋರ್ಟ್ಸ್ ಕಾರಲ್ಲ, ಗೊತ್ತು, ಆದ್ರೆ ಬೆಲೆ ಏನ್ ಕಮ್ಮೀನಾ? ಅವರ ಕಥೆ ಪೇಪರ್‌ನೋರು, ಟೀವಿಯೋರು ಎಷ್ಟು ಸಲ ಹೇಳಿದ್ರೂ ಜನಕ್ಕೆ ಬೇಜಾರಾಗಲ್ಲ. ಅಂದ್ರೆ ನಾವು ಕಾರ್ ನೋಡ್ತಾ ಇಲ್ಲ, ಆ ದುಡ್ಡು ನಡೆದು ಬಂದ ದಾರಿ ನೋಡ್ತಾ ಇದೀವಿ. ದಾರಿ ಗೊತ್ತಿದ್ರೆ, ಆ ದಾರೀಲಿ ಬೆವರು ಕಂಡ್ರೆ, ಮಾಫಿ. ಗೊತ್ತಿಲ್ಲ ಅಂದ್ರೆ ನಾವೇ ಒಂದು ಕಥೆ ಕಟ್ತೀವಿ, ಆ ಕಥೇಲಿ ಯಾವಾಗ್ಲೂ ಒಬ್ಬ ಅಪ್ಪ ಇರ್ತಾನೆ, ಆ ಅಪ್ಪ ಒಂದೋ ರಾಜಕಾರಣಿ, ಇಲ್ಲ ಗಣಿ, ಇಲ್ಲ ರಿಯಲ್ ಎಸ್ಟೇಟು.

ಈ ಮಾಫಿಗೂ ಒಂದು ಎಲ್ಲೆ ಇದೆ, ಅದನ್ನ ತೋರಿಸಿಕೊಟ್ಟಿದ್ದು ಸಚಿನ್ ಕೇಸು. 2002ರಲ್ಲಿ ಸಚಿನ್ ತೆಂಡೂಲ್ಕರ್ ಬ್ರಾಡ್ಮನ್ನರ 29 ಟೆಸ್ಟ್ ಸೆಂಚುರಿ ಸರಿಗಟ್ಟಿದ್ರು, ಫಿಯಟ್ ಕಂಪನಿ ಕಡೆಯಿಂದ ಫೆರಾರಿ 360 ಮೊಡೆನಾ ಸಿಕ್ತು, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕಲ್ಲಿ, ಸ್ವತಃ ಫೆರಾರಿಯ ರೇಸ್ ಡ್ರೈವರ್ ಮೈಕೆಲ್ ಶೂಮಾಕರ್ ಕೈಯಿಂದ. ಅಲ್ಲೀವರೆಗೆ ದೇಶಕ್ಕೆ ದೇಶವೇ ಚಪ್ಪಾಳೆ. ಆಮೇಲೆ ಕಾರು ಇಂಡಿಯಾಕ್ಕೆ ತರೋವಾಗ ಸುಮಾರು 1.13 ಕೋಟಿ ಕಸ್ಟಮ್ಸ್ ಡ್ಯೂಟಿ ಬಂತು, 2003ರಲ್ಲಿ ಕೇಂದ್ರ ಸರ್ಕಾರ ಅದನ್ನ ಮನ್ನಾ ಮಾಡ್ತು, ಆಗ ನೋಡಿ ಶುರುವಾಯ್ತು. ದೆಹಲಿ ಹೈಕೋರ್ಟ್‌ಗೆ ಪಿಐಎಲ್ ಹೋಯ್ತು, ಕೊನೆಗೆ ಫಿಯಟ್ಟೇ ಡ್ಯೂಟಿ ಕಟ್ಟಿ ಕೈತೊಳ್ಕೊಳ್ತು. ದೇವರು ಅಂತ ಕರೆದ ಮನುಷ್ಯನಿಗೇ ನಮ್ಮ ಜನ ಈ ಒಂದು ವಿಷಯದಲ್ಲಿ ರಿಯಾಯಿತಿ ಕೊಡ್ಲಿಲ್ಲ. ಕಾರ್ ಇಟ್ಕೊಳ್ಳಪ್ಪಾ, ಆದ್ರೆ ಟ್ಯಾಕ್ಸ್ ಕಟ್ಟು. ನನಗೆ ಇದು ಬಹಳ ಇಷ್ಟ, ನಮ್ಮ ಜನರ ಬಗ್ಗೆ ಹೆಮ್ಮೆ ಅನ್ಸೋ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಟ್ಯಾಕ್ಸ್ ಅಂದ ಮೇಲೆ ನಮ್ಮ ಮನೆ ಕಡೆ ಬರೋಣ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಡೀಸೆಲ್ ಕಾರಿಗೆ ಲೈಫ್ ಟೈಮ್ ಟ್ಯಾಕ್ಸು 18 ಪರ್ಸೆಂಟು, ಅದರ ಮೇಲೆ ಸೆಸ್ ಬೇರೆ. ಕೋಟಿಗಳ ಕಾರಿಗೆ ಲೆಕ್ಕ ಹಾಕಿ. ಅದಕ್ಕೇ ಬೆಂಗಳೂರಿನ ರೋಡಲ್ಲಿ ಇಷ್ಟೊಂದು ಹೊರಗಿನ ನಂಬರ್ ಪ್ಲೇಟು, ಪುದುಚೇರಿದು, ಮಹಾರಾಷ್ಟ್ರದ್ದು, ಇನ್ನೆಲ್ಲಿದೋ. ಕೇರಳದಲ್ಲಿ 2017ರಲ್ಲಿ ಸಿನಿಮಾದವರ ಪುದುಚೇರಿ ರಿಜಿಸ್ಟ್ರೇಷನ್ ದೊಡ್ಡ ಗಲಾಟೆ ಆಗಿದ್ದು ನೆನಪಿರಬಹುದು. ಇಲ್ಲಿ 2025ರ ಫೆಬ್ರವರೀಲಿ ಸಾರಿಗೆ ಇಲಾಖೆಯವರು ಒಂದೇ ಕಾರ್ಯಾಚರಣೇಲಿ ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಅಂತ ಸುಮಾರು 30 ಕಾರು ಹಿಡಿದ್ರು. ಜುಲೈನಲ್ಲಿ ಮಹಾರಾಷ್ಟ್ರ ನಂಬರ್‌ನ ಒಂದು ಫೆರಾರಿ ಎಸ್‌ಎಫ್90 ಹಿಡಿದು ನೋಟಿಸ್ ಕೊಟ್ರು, ಓನರ್ ಜಯನಗರ ಆರ್‌ಟಿಒದಲ್ಲಿ ದಂಡ ಎಲ್ಲ ಸೇರಿ 1.42 ಕೋಟಿ ಹತ್ತಿರ ಕಟ್ಟಿದ. ಒಂದೇ ಗಾಡಿಗೆ ಅಷ್ಟು!

ಆ ದಿನ ನಮ್ಮ ವಾಟ್ಸಾಪ್ ಗ್ರೂಪಲ್ಲೆಲ್ಲ ಹಬ್ಬ. ನಂಗೂ ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಆ ಹಬ್ಬ ಮಾಡ್ತಿದ್ದೋರ ಪೈಕಿ ಎಷ್ಟು ಜನರ ಸ್ವಂತ ಗಾಡಿ ಪಕ್ಕದ ರಾಜ್ಯದ ಭಾವಮೈದುನನ ಅಡ್ರೆಸ್‌ನಲ್ಲಿದೆ ಅಂತ ನಾನು ಆ ಗ್ರೂಪಲ್ಲಿ ಕೇಳೋಕೆ ಹೋಗ್ಲಿಲ್ಲ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇದ್ರೆ ಇಲ್ಲಿಗೆ ಬದಲಾಯಿಸ್ಬೇಕು ಅನ್ನೋ ಕಾನೂನು ಫೆರಾರಿಗೂ ಒಂದೇ, ಆಲ್ಟೊಗೂ ಒಂದೇ. ಆಲ್ಟೊ ಓಡಿಸೋನು ಮಾಡಿದ್ರೆ ಪಾಪ ಎರಡೆರಡು ಸಲ ಟ್ಯಾಕ್ಸ್ ಯಾಕೆ ಕಟ್ಬೇಕು ಅಂತೀವಿ, ಫೆರಾರಿಯೋನು ಮಾಡಿದ್ರೆ ಕಳ್ಳ ಅಂತೀವಿ. ಮೊತ್ತ ಬೇರೆ, ನಿಜ, ಒಬ್ಬನಿಗೆ ಕಟ್ಟೋ ಶಕ್ತಿ ಇದೆ, ಇನ್ನೊಬ್ಬನಿಗೆ ಕಷ್ಟ, ಅದೂ ನಿಜ. ಕಾನೂನು ಮುರಿದ ರೀತಿ ಮಾತ್ರ ಡಿಟ್ಟೋ.

ಈಗ ಪುಣೆಗೆ ಬರ್ತೀನಿ, ಅದನ್ನ ಬಿಟ್ಟು ಈ ವಿಷಯ ಮಾತಾಡೋಕೆ ಆಗಲ್ಲ. 2024ರ ಮೇ 19, ಕಲ್ಯಾಣಿ ನಗರ, ರಾತ್ರಿ ಎರಡೂವರೆ ಆಸುಪಾಸು. ಪೋರ್ಷೆ ಟೈಕಾನ್ ಬೈಕಿಗೆ ಗುದ್ದಿ ಇಬ್ಬರು ಐಟಿ ಉದ್ಯೋಗಿಗಳು ಸತ್ರು, ಇಬ್ಬರೂ ಮಧ್ಯಪ್ರದೇಶದವರು, ಇನ್ನೂ 24 ವರ್ಷ. ಓಡಿಸ್ತಿದ್ದ ಆರೋಪ ಇದ್ದಿದ್ದು 17 ವರ್ಷದ ಹುಡುಗನ ಮೇಲೆ. ಬಾಲನ್ಯಾಯ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಡ್ತು, ಷರತ್ತುಗಳಲ್ಲಿ ಒಂದು ಏನಂದ್ರೆ ರಸ್ತೆ ಅಪಘಾತದ ಬಗ್ಗೆ 300 ಪದದ ಪ್ರಬಂಧ ಬರೆಯೋದು. ಆಮೇಲೆ ರಕ್ತದ ಸ್ಯಾಂಪಲ್ಲೇ ಬದಲಾಯಿಸಿದ್ರು ಅನ್ನೋ ಆರೋಪದಲ್ಲಿ ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳು ಅರೆಸ್ಟ್ ಆದ್ರು. ಆ ಕಾರಿಗೆ ನಂಬರ್ ಪ್ಲೇಟೇ ಇರಲಿಲ್ಲ. ಬೆಂಗಳೂರಿನ ಡೀಲರ್ ಮೂಲಕ ಬಂದ ಗಾಡಿ ಅದು, ಇಲ್ಲಿನ ಟೆಂಪರರಿ ರಿಜಿಸ್ಟ್ರೇಷನ್ ಮೇಲೆ ಅಲ್ಲಿಗೆ ಹೋಗಿತ್ತು. ಎಲೆಕ್ಟ್ರಿಕ್ ಗಾಡಿ ಆಗಿದ್ರಿಂದ ಮಹಾರಾಷ್ಟ್ರದಲ್ಲಿ ರೋಡ್ ಟ್ಯಾಕ್ಸೂ ಇರಲಿಲ್ಲ, ಪರ್ಮನೆಂಟ್ ರಿಜಿಸ್ಟ್ರೇಷನ್‌ಗೆ ಕಟ್ಟಬೇಕಿದ್ದ ಫೀ 1,758 ರೂಪಾಯಿ. ಅದು ಬಾಕಿ ಇತ್ತು. ಒಂದೂವರೆ ಕೋಟಿ ದಾಟಿದ ಕಾರು, 1,758 ರೂಪಾಯಿ ಬಾಕಿ.

ಪ್ರಬಂಧದ ಸುದ್ದಿ ಬಂದಾಗ ದೇಶಕ್ಕೆ ಬೆಂಕಿ ಬಿತ್ತು. ಬೀಳಬೇಕಾಗಿದ್ದೇ. ಜನ ಬೀದಿಗಿಳಿಯದೆ ಇದ್ದಿದ್ರೆ ಆ ಸ್ಯಾಂಪಲ್ ವಿಷಯ ಹೊರಗೇ ಬರ್ತಿರಲಿಲ್ಲವೇನೋ ಅಂತ ನನ್ನ ಅನುಮಾನ. ಆದ್ರೆ ಈ ಬೆಂಕೀನ ನನ್ನ ಕೆಲಸದ ಕಡೆಯಿಂದ ನೋಡಿದಾಗ ಬೇರೆ ಒಂದು ಕಾಣುತ್ತೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತೋರು 1,68,491 ಜನ, ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಲ್ಯಾಂಬೊರ್ಗಿನಿ ಕಂಪನಿ 2023ರಲ್ಲಿ ಇಡೀ ಇಂಡಿಯಾದಲ್ಲಿ ಮಾರಿದ್ದು 103 ಕಾರು. ಆ ಲಕ್ಷಾಂತರ ಸಾವಿನಲ್ಲಿ ಸ್ಪೋರ್ಟ್ಸ್ ಕಾರಿನ ಪಾಲು ಹುಡುಕಿದ್ರೂ ಸಿಗದಷ್ಟು. ಹದಿನಾರು ಹದಿನೇಳರ ಹುಡುಗ ಅಪ್ಪನ ಟೆಂಪೋನೋ ಬೈಕೋ ಓಡಿಸಿ ಜನರನ್ನ ಗುದ್ದಿದ ಕೇಸುಗಳು ನನ್ನ ಕಡೆಯ ಫೈಲುಗಳಲ್ಲೇ ಇವೆ, ಅಲ್ಲೂ ಡ್ರೈವರ್ ಬೇರೆ ಯಾರೋ ಅಂತ ತೋರಿಸೋ ಪ್ರಯತ್ನ ನಡೆಯುತ್ತೆ, ಅಲ್ಲೂ ಊರಿನ ದೊಡ್ಡೋರು ಬಂದು ಸ್ಟೇಷನ್‌ನಲ್ಲಿ ಕೂರ್ತಾರೆ. ಅದಕ್ಕೆ ಯಾರೂ ಮೇಣದಬತ್ತಿ ಹಚ್ಚಲ್ಲ. ಪುಣೆಯಲ್ಲಿ ನಮ್ಮನ್ನ ಎಬ್ಬಿಸಿದ್ದು ಬಾನೆಟ್ ಮೇಲಿನ ಲೋಗೊ, ವ್ಯವಸ್ಥೆ ಮಾತ್ರ ಟೆಂಪೋ ಕೇಸಲ್ಲೂ ಅಲ್ಲೇ ಇತ್ತು.

ಸರಿ, ದುಬಾರಿ ಕಾರಿನೋರು ನಿಜವಾಗ್ಲೂ ದುರಹಂಕಾರಿಗಳಾ? ಇದನ್ನೂ ಅಳೆದು ನೋಡಿದೋರಿದ್ದಾರೆ. 2012ರಲ್ಲಿ ಪಾಲ್ ಪಿಫ್ ಅನ್ನೋ ಅಮೆರಿಕದ ಸಂಶೋಧಕ ಮತ್ತು ಜೊತೆಗಾರರು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಜೀಬ್ರಾ ಕ್ರಾಸಿಂಗ್‌ನಲ್ಲಿ ಒಬ್ಬನ್ನ ದಾಟೋಕೆ ನಿಲ್ಲಿಸಿ ಯಾವ ಕಾರ್ ನಿಲ್ಲಿಸುತ್ತೆ ಯಾವುದು ನಿಲ್ಲಿಸಲ್ಲ ಅಂತ ಬರ್ಕೊಂಡ್ರು. ತೀರಾ ಅಗ್ಗದ ಗಾಡಿಗಳು ಎಲ್ಲವೂ ನಿಂತವು, ತುಂಬಾ ದುಬಾರಿ ಗಾಡಿಗಳಲ್ಲಿ ಹತ್ತಿರಹತ್ತಿರ ಅರ್ಧ ನಿಲ್ಲಲೇ ಇಲ್ಲ. ಇದನ್ನ ಎಲ್ಲರೂ ಕುಣಿದು ಕುಪ್ಪಳಿಸಿ ಹೇಳ್ತಾರೆ, ಆದ್ರೆ ಅವರು ನೋಡಿದ್ದು 152 ಗಾಡಿ ಮಾತ್ರ. 2020ರಲ್ಲಿ ಫಿನ್ಲೆಂಡಿನವರು 1,892 ಕಾರ್ ಓನರ್‌ಗಳನ್ನ ಕೇಳಿ ಇನ್ನೊಂದು ಅಧ್ಯಯನ ಮಾಡಿದ್ರು, ಜಗಳಗಂಟ, ಹಠಮಾರಿ, ತನ್ನದೇ ನಡೀಬೇಕು ಅನ್ನೋ ಗಂಡಸರು ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್ ಕಡೆ ಜಾಸ್ತಿ ವಾಲ್ತಾರೆ ಅಂತ ಬಂತು. ಅದೇ ಅಧ್ಯಯನದಲ್ಲಿ, ಶಿಸ್ತಿನ, ಜವಾಬ್ದಾರಿಯ ಜನಾನೂ ಅದೇ ಥರ ಒಳ್ಳೇ ಕಾರುಗಳ ಕಡೆಗೇ ವಾಲ್ತಾರೆ ಅಂತಾನೂ ಬಂತು. ಈ ಎರಡನೇ ಅರ್ಧ ಯಾರೂ ಫಾರ್ವರ್ಡ್ ಮಾಡಲ್ಲ.

ಓನರ್‌ಗಳ ಕಡೆಯಿಂದಾನೂ ಒಂದು ಮಾತು ಹೇಳ್ಬೇಕಲ್ಲ. ಊರೂರಿನ ಟ್ರಾಫಿಕ್ ಅಳೆಯೋ ಟಾಮ್‌ಟಾಮ್ ಕಂಪನಿ ಲೆಕ್ಕದಲ್ಲಿ 2023ರಲ್ಲಿ ಬೆಂಗಳೂರಿನ ಸಿಟಿ ಒಳಗೆ 10 ಕಿಲೋಮೀಟರ್ ಹೋಗೋಕೆ 28 ನಿಮಿಷ. ಮುನ್ನೂರು ಕಿಲೋಮೀಟರ್ ವೇಗದ ಗಾಡಿ ಇಟ್ಕೊಂಡು ಈ ಊರಲ್ಲಿ ಅವನು ಪಡೋ ಪಾಡು ನೋಡಿದ್ರೆ ಅಯ್ಯೋ ಅನ್ಸುತ್ತೆ. ಹಂಪ್ ಬಂತಂದ್ರೆ ಮೂತಿ ಎತ್ತೋ ಬಟನ್ ಒತ್ಬೇಕು, ಆಮೇಲೆ ಗಾಡೀನ ಓರೆಯಾಗಿ ಹತ್ತಿಸ್ಬೇಕು, ಅಷ್ಟರಲ್ಲಿ ಹಿಂದೆ ನಾಲ್ಕು ಬೈಕಿನೋರು ವೀಡಿಯೊ ಮಾಡ್ತಾ ನಿಂತಿರ್ತಾರೆ, ಅಡಿ ಉಜ್ಜಿದ ಸದ್ದು ಕೇಳಿದ್ರೆ ಅವರಿಗೆ ಒಂದು ಸಮಾಧಾನ. ನನ್ನ ಹತ್ರ ಬರೋ ಇಂಥ ಗಾಡಿಗಳಲ್ಲಿ ಸ್ಪೀಡಾಗಿ ಹೋಗಿ ಹೊಡೆದಿದ್ದಕ್ಕಿಂತ ಹಂಪ್‌ನಲ್ಲಿ, ಮಳೆನೀರಿನ ಗುಂಡೀಲಿ, ಪಾರ್ಕಿಂಗ್ ರ‍್ಯಾಂಪಲ್ಲಿ ಹಾಳಾದದ್ದೇ ಜಾಸ್ತಿ. ಅದಕ್ಕೇ ಅವರೆಲ್ಲ ಭಾನುವಾರ ಬೆಳಕು ಹರಿಯೋ ಮುಂಚೆ ಏರ್‌ಪೋರ್ಟ್ ರೋಡ್ ಹಿಡಿದು ನಂದಿ ಬೆಟ್ಟದ ಕಡೆ ಹೋಗ್ತಾರೆ, ಆ ರೋಡ್ ಪಕ್ಕದ ಮನೆಯೋರ ನಿದ್ದೆ ಕೆಡುತ್ತೆ, ಅವರ ಶಾಪ ಶುರುವಾಗುತ್ತೆ. ಸದ್ದಿನ ವಿಷಯದಲ್ಲಿ ನಾನು ಪೂರ್ತಿ ಆ ಮನೆಯೋರ ಕಡೆ. ಲಂಡನ್ನಿನ ಶ್ರೀಮಂತರ ಏರಿಯಾ ನೈಟ್ಸ್‌ಬ್ರಿಡ್ಜ್‌ನಲ್ಲೇ ಬೇಸಿಗೆಗೆ ಗಲ್ಫ್‌ನಿಂದ ಬರೋ ಸೂಪರ್‌ಕಾರುಗಳ ಕಾಟ ತಡೀಲಾರದೆ ಅಲ್ಲಿನ ಕೌನ್ಸಿಲ್ 2015ರಲ್ಲಿ ಆದೇಶ ತರ್ಬೇಕಾಯ್ತು, ಸುಮ್ಮಸುಮ್ನೆ ರೈಸ್ ಮಾಡಿದ್ರೆ ದಂಡ ಅಂತ. ಅಲ್ಲಿ ಕಂಪ್ಲೇಂಟ್ ಕೊಟ್ಟೋರು ಬಡವರಲ್ಲ ನೋಡಿ, ಕೋಟಿಗಟ್ಟಲೆ ಮನೆ ಇರೋರೇ.

ಒಬ್ಬ ಓನರ್ ಗ್ಯಾರೇಜಲ್ಲಿ ನನ್ನ ಜೊತೆ ಟೀ ಕುಡೀತಾ ಕೇಳಿದ್ದು ತಲೇಲಿ ಕೂತುಬಿಟ್ಟಿದೆ. "ಸರ್, ಇದೇ ದುಡ್ಡಲ್ಲಿ ಇನ್ನೆರಡು ಸೈಟ್ ತಗೊಂಡು ಬೇಲಿ ಹಾಕಿ ಬಿಟ್ಟಿದ್ರೆ ಬುದ್ಧಿವಂತ ಅಂತಿದ್ರು, ಕಾರ್ ತಗೊಂಡೆ, ಸೊಕ್ಕು ಅಂತಾರೆ." ಯೋಚನೆ ಮಾಡಿ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಅಂತ ನಮ್ಮ ಗಾದೆ ಬೈಯೋದು ಕೊಡೆ ಹಿಡಿದೋನನ್ನ, ಕೊಪ್ಪರಿಗೆ ಹೂತಿಟ್ಟೋನನ್ನ ಅಲ್ಲ. ಸದಾಶಿವನಗರದಲ್ಲಿ ನೂರು ಕೋಟಿ ಮನೆ ಇದ್ರೆ ಅದಕ್ಕೆ ಎತ್ತರದ ಕಾಂಪೌಂಡ್ ಇದೆ, ಗೇಟ್ ಇದೆ, ಸೆಕ್ಯೂರಿಟಿಯವನಿದ್ದಾನೆ, ನಿಮಗೆ ಅದು ಕಾಣೋದೇ ಇಲ್ಲ. ಬ್ಯಾಂಕಲ್ಲಿರೋದು, ಷೇರಲ್ಲಿರೋದು, ಬೇನಾಮಿ ಹೆಸರಲ್ಲಿರೋದು ಯಾವುದೂ ಕಾಣಲ್ಲ. ಶ್ರೀಮಂತಿಕೆ ಗೇಟಿನಿಂದ ಆಚೆ ಬಂದು ನಮ್ಮ ಪಕ್ಕದಲ್ಲೇ, ಅದೇ ಗುಂಡಿ, ಅದೇ ರೆಡ್ ಸಿಗ್ನಲ್‌ನಲ್ಲಿ ನಿಲ್ಲೋದು ಕಾರಿನ ರೂಪದಲ್ಲಿ ಮಾತ್ರ. ಕೈಗೆ ಸಿಗೋದು ಅದೊಂದೇ, ಹಾಗಾಗಿ ಕೀಲಿ ಗೀರು ಬೀಳೋದೂ ಅದರ ಮೇಲೇ. ಈ ಊರಲ್ಲಿ ಮಧ್ಯಮವರ್ಗದೋನಿಗೆ ಮನೆ ಕನಸಾಗಿ ಉಳಿದಿರೋದು ಫೆರಾರಿಯಿಂದಲ್ಲ, ಖಾಲಿ ಬಿಟ್ಟಿರೋ ಆ ಬೇಲಿ ಸೈಟುಗಳಿಂದ, ಆದ್ರೆ ಸೈಟ್ ಸಾಹುಕಾರನಿಗೆ ಮದುವೆ ಮನೇಲಿ ಮೊದಲ ಸಾಲಲ್ಲಿ ಕುರ್ಚಿ.

ಕೊನೇದಾಗಿ ದಂಡದ ವಿಷಯ. ಫಿನ್ಲೆಂಡಿನಲ್ಲಿ ದಂಡ ಆದಾಯಕ್ಕೆ ತಕ್ಕ ಹಾಗೆ. 2002ರಲ್ಲಿ ನೋಕಿಯಾದ ಡೈರೆಕ್ಟರ್ ಒಬ್ಬರು 50ರ ರೋಡಲ್ಲಿ 75ರಲ್ಲಿ ಬೈಕ್ ಓಡಿಸಿದ್ದಕ್ಕೆ 1,16,000 ಯೂರೋ ಬಿತ್ತು, ಆಮೇಲೆ ಅಪೀಲಲ್ಲಿ ಆದಾಯ ಇಳಿದಿದೆ ಅಂತ ಕಮ್ಮಿ ಮಾಡಿಸ್ಕೊಂಡ್ರು, ಅದು ಬೇರೆ ಮಾತು. 2023ರಲ್ಲಿ ಅದೇ ದೇಶದ ಓಲಾಂಡ್ ದ್ವೀಪದಲ್ಲಿ ಒಬ್ಬ ಉದ್ಯಮಿಗೆ 1,21,000 ಯೂರೋ. ನಮ್ಮ ಮೋಟಾರು ವಾಹನ ಕಾಯ್ದೇಲಿ ಅತಿವೇಗಕ್ಕೆ ಕಾರಿನೋನು ಕಟ್ಟಬೇಕಾದ್ದು 1,000ದಿಂದ 2,000 ರೂಪಾಯಿ, ಆಲ್ಟೊ ಆದ್ರೂ ಅಷ್ಟೇ, ಫೆರಾರಿ ಆದ್ರೂ ಅಷ್ಟೇ. ಆಲ್ಟೊ ಓಡಿಸೋನಿಗೆ ಅದು ಒಂದೆರಡು ದಿನದ ದುಡಿಮೆ, ಫೆರಾರಿಯೋನಿಗೆ ಒಂದು ಕಾಫಿ ಬಿಲ್ಲು. ಜನರ ಸಿಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ನಮ್ಮಲ್ಲಿ ಆದಾಯದ ಮೇಲೆ ದಂಡ ಹಾಕೋಕೆ ಹೋದ್ರೆ ಕೆಲಸ ಆಗಲ್ಲ, ಪೇಪರ್ ಮೇಲೆ ಅರ್ಧ ಶ್ರೀಮಂತರು ಬಡವರೇ. ಆದ್ರೆ ಕಾರಿನ ಬೆಲೆ ಮುಚ್ಚಿಡೋಕಾಗಲ್ಲ, ಲೈಫ್ ಟೈಮ್ ಟ್ಯಾಕ್ಸ್ ಹಾಕೋದೇ ಆ ಬೆಲೆ ಮೇಲೆ, ಆ ಅಂಕಿ ಆರ್‌ಟಿಒ ಕಂಪ್ಯೂಟರಲ್ಲಿ ಕೂತಿದೆ. ಕ್ಯಾಮೆರಾ ನಂಬರ್ ಪ್ಲೇಟ್ ಓದಿದ ತಕ್ಷಣ ಬೆಲೇನೂ ಎತ್ತಿಕೊಂಡು ಅದಕ್ಕೆ ತಕ್ಕ ಚಲನ್ ಕಳಿಸ್ಲಿ, ಹೊಸ ಮೆಷಿನ್ ಏನೂ ಬೇಕಾಗಿಲ್ಲ, ಕಾಯ್ದೇಲಿ ಒಂದು ತಿದ್ದುಪಡಿ ಸಾಕು.

ಇದನ್ನ ಒಂದು ಸಭೇಲಿ ಹೇಳಿದಾಗ ಹಿರಿಯರೊಬ್ಬರು ಎದ್ದು, "ಹಾಗಾದ್ರೆ ರೋಡಲ್ಲಿ ನಿಂತು ಲಂಚ ತಗೊಂಡು ಗಾಡಿ ಬಿಟ್ಟುಕಳಿಸೋರ ರೇಟೂ ಕಾರಿನ ಬೆಲೆ ಮೇಲೆ ಏರುತ್ತಲ್ರೀ" ಅಂದ್ರು, ಎಲ್ಲರೂ ನಕ್ಕರು. ಅವರಿಗೆ ನಾನು ಹೇಳಿದ್ದು ಇಷ್ಟೇ: ಸರ್, ಅದು ಈಗಾಗ್ಲೇ ಕಾರಿನ ಬೆಲೆ ಮೇಲೇ ಇದೆ, ಸರ್ಕಾರದ ರೇಟ್ ಮಾತ್ರ ಇನ್ನೂ ಎಲ್ಲರಿಗೂ ಒಂದೇ.